ಜೋಡುನಳಿಗೆ ರೈಫಲ್: ನಿಜವಾದ ಬೆಲೆ ನಳಿಗೆಯೊಳಗೆ

1898ರಲ್ಲಿ ಜಾನ್ ರಿಗ್ಬಿ ಕಂಪನಿ .450 ನೈಟ್ರೊ ಎಕ್ಸ್‌ಪ್ರೆಸ್ ತೋಟಾವನ್ನು ಹೊರತಂದಿತು. ಆನೆಯಂಥ ದೊಡ್ಡ ಪ್ರಾಣಿಗಳ ಬೇಟೆಗೆ ಬಳಸುತ್ತಿದ್ದ ಬ್ರಿಟಿಷ್ ಜೋಡುನಳಿಗೆ ರೈಫಲ್‌ಗಳ ಹೊಸ ಯುಗ ಅಲ್ಲಿಂದ ಶುರುವಾಯಿತು.

ಎರಡೂ ನಳಿಗೆಗಳ ಗುಂಡು ಒಂದೇ ಕಡೆ ಬೀಳಬೇಕು. ಅದಕ್ಕಾಗಿ ಕುಶಲಕರ್ಮಿಗಳು ಗುಂಡು ಹಾರಿಸಿ ನೋಡುತ್ತ, ನಳಿಗೆಗಳ ತುದಿಯಲ್ಲಿ ನಡುವಿನ ಬೆಣೆಯನ್ನು ಮತ್ತೆ ಮತ್ತೆ ಹೊಂದಿಸಿ ಬೆಸುಗೆ ಹಾಕುತ್ತಿದ್ದರು. ಹೀಗಾಗಿ ಒಂದು ನಳಿಗೆ ಕೆಟ್ಟರೂ ಬದಲಿಸುವುದು ಕಷ್ಟ, ದುಬಾರಿ.

ಹಳೆಯ ರೈಫಲ್‌ನ ನಳಿಗೆಯ ಒಳಭಾಗವನ್ನು ಪರೀಕ್ಷಿಸುವುದು ಹೇಗೆ?

• ಮೊದಲು ಶುಚಿ: ಗುಂಡಿನಿಂದ ಅಂಟಿದ ತಾಮ್ರದ ಪದರ ತುಕ್ಕಿನ ಗುಳಿಗಳನ್ನು ಮರೆಮಾಡುತ್ತದೆ.

• ನಳಿಗೆಯೊಳಗಿನ ಸುರುಳಿ ಏಣುಗಳು (ರೈಫ್ಲಿಂಗ್): ತುದಿಯಲ್ಲಿ ಬೆಳಕು ಹಿಡಿದು ಹಿಂಬದಿಯಿಂದ ನೋಡಿದರೆ ಅಂಚುಗಳು ಚೂಪಾಗಿ, ಕಡಿಯದೆ ಕಾಣಬೇಕು.

• ಸವೆತ: ತೋಟಾ ಕೂರುವ ಜಾಗದ ಮುಂದೆಯೇ ಕಾರ್ಡೈಟ್ ಎಂಬ ಮದ್ದಿನ ಬಿಸಿ ಅನಿಲ ನಳಿಗೆಯನ್ನು ಹೆಚ್ಚು ಸವೆಸುತ್ತಿತ್ತು.

• ಗುಳಿಗಳು: ಹಳೆಯ ತೋಟಾಗಳಲ್ಲಿ ಮದ್ದು ಹೊತ್ತಿಸುವ ಕ್ಯಾಪ್ ಉಳಿಸುತ್ತಿದ್ದ ಪೊಟ್ಯಾಸಿಯಂ ಕ್ಲೋರೈಡ್ ಉಪ್ಪು ತೇವ ಹೀರಿ ಉಕ್ಕನ್ನು ತಿನ್ನುತ್ತಿತ್ತು.

• ಉಬ್ಬು: ಒಳಗೆ ಬಳೆಯಂತೆ ಸುತ್ತುವರಿದ ಕಪ್ಪು ನೆರಳು ಕಂಡರೆ ನಳಿಗೆ ಅಲ್ಲಿ ಹಿಗ್ಗಿರಬಹುದು.

ಎರಡೂ ನಳಿಗೆಗಳನ್ನು ಬೇರೆಬೇರೆಯಾಗಿ ನೋಡಬೇಕು. ಹೊಳಪು ಕೊಂಚ ಮಾಸಿದ್ದರೂ ಏಣುಗಳು ಗಟ್ಟಿಯಾಗಿದ್ದರೆ ಗುರಿ ಚೆನ್ನಾಗಿಯೇ ಇರಬಹುದು. ಹೊರಗಿನ ಕೆತ್ತನೆ ಎಷ್ಟೇ ಸೊಗಸಾಗಿದ್ದರೂ ಸವೆದ ಏಣನ್ನು ಅದು ಸರಿಪಡಿಸಲಾರದು.