ಹಳಿಯ ಮೇಲೆ ಯಾಕೆ ಮಲಗಿದರು?

2020ರ ಮೇ 8, ಬೆಳಗಿನ ಜಾವ ಐದು ದಾಟಿತ್ತು. ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಗೆ ಆಗಿನ್ನೂ ಔರಂಗಾಬಾದ್ ಎಂದೇ ಹೆಸರು. ಅಲ್ಲಿನ ಕರ್ಮಾಡ್ ಬಳಿ, ಮನ್ಮಾಡ್ ಕಡೆಗೆ ಹೊರಟಿದ್ದ ಗೂಡ್ಸ್ ರೈಲೊಂದು ಹಳಿಯ ಮೇಲೆ ಮಲಗಿದ್ದವರ ಮೇಲೆ ಹರಿಯಿತು. 16 ಜನ ಸತ್ತರು.

ಅವರು ಮಧ್ಯಪ್ರದೇಶದ ಶಹಡೋಲ್ ಮತ್ತು ಉಮರಿಯಾ ಜಿಲ್ಲೆಗಳವರು. ಜಾಲ್ನಾದ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಲಾಕ್‌ಡೌನಿನಲ್ಲಿ ಕೆಲಸ ನಿಂತಿತ್ತು. ಊರಿಗೆ ಹೋಗಲು ಪಾಸಿಗೆ ಅರ್ಜಿ ಹಾಕಿ ಕಾದೆವು, ಉತ್ತರ ಬರಲಿಲ್ಲ ಎಂದು ಬದುಕುಳಿದವರು ಆಮೇಲೆ ಹೇಳಿದರು. ರಸ್ತೆಯಲ್ಲಿ ಹೋದರೆ ಪೊಲೀಸರು ತಡೆಯುತ್ತಾರೆಂದು ಹಳಿ ಹಿಡಿದು ಮೂವತ್ತಕ್ಕೂ ಹೆಚ್ಚು ಕಿಲೋಮೀಟರು ನಡೆದು, ಹೇಗೂ ರೈಲು ಓಡುತ್ತಿಲ್ಲವಲ್ಲ ಎಂದುಕೊಂಡು ಅಲ್ಲೇ ಒರಗಿದ್ದರು. ಪ್ರಯಾಣಿಕರ ರೈಲು ನಿಂತಿತ್ತು ನಿಜ. ಸರಕಿನ ರೈಲು ನಿಂತಿರಲಿಲ್ಲ. ಚಾಲಕ ಅವರನ್ನು ಕಂಡು ಸೀಟಿ ಹಾಕಿ ನಿಲ್ಲಿಸಲು ನೋಡಿದರೂ ಆಗಲಿಲ್ಲ. ಹಳಿಯ ಮೇಲೆ ಚೆಲ್ಲಿದ್ದ ರೊಟ್ಟಿಗಳ ಚಿತ್ರ ನಿಮಗೆ ನೆನಪಿರಬಹುದು.

ವಾರದ ನಂತರ ವಲಸೆ ಕಾರ್ಮಿಕರ ಪರವಾದ ಅರ್ಜಿಯೊಂದು ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಜನ ಹಳಿಯ ಮೇಲೆ ಮಲಗಿದರೆ ಯಾರು ತಾನೇ ತಡೆಯಲಾದೀತು ಎಂಬರ್ಥದ ಮಾತು ಪೀಠದಿಂದ ಬಂತು. ನಮ್ಮ ಮನೆಗಳಲ್ಲೂ ಅನೇಕರು ಅದನ್ನೇ ಕೇಳಿದ್ದೆವು. ಮೇಲ್ನೋಟಕ್ಕೆ ನ್ಯಾಯವಾದ ಪ್ರಶ್ನೆ. ಆದರೆ ಈ ಪ್ರಶ್ನೆಗೆ ಒಂದು ಇತಿಹಾಸವಿದೆ.

ಇಂಗ್ಲೆಂಡಿನಲ್ಲಿ ಮಾಂಸದ ವ್ಯಾಪಾರಿಯೊಬ್ಬನ ಆಳು, ಮಿತಿಮೀರಿ ಹೇರಿದ್ದ ಗಾಡಿ ಮುರಿದು ಗಾಯಗೊಂಡ. ಪರಿಹಾರ ಕೇಳಿದ. ಗಾಡಿಯ ಸ್ಥಿತಿ ಒಡೆಯನಷ್ಟೇ ನಿನಗೂ ತಿಳಿದಿರಬೇಕಿತ್ತು, ಹತ್ತುವುದಿಲ್ಲ ಎನ್ನಬಹುದಿತ್ತು ಎಂಬ ತರ್ಕದ ಮೇಲೆ 1837ರಲ್ಲಿ ನ್ಯಾಯಾಲಯ ಅವನಿಗೆ ಏನೂ ಕೊಡಲಿಲ್ಲ. ಪ್ರೀಸ್ಟ್‌ಲಿ ಮತ್ತು ಫೌಲರ್ ಪ್ರಕರಣವೆಂದು ಕಾನೂನು ಓದಿದವರಿಗೆ ಗೊತ್ತು. ಮುಂದೆ ಹಲವು ದಶಕ ಕಾರ್ಖಾನೆಯ ಮಾಲೀಕರನ್ನು ಕಾಪಾಡಿದ್ದು ಇದೇ ಜಾತಿಯ ತರ್ಕ: ಅಪಾಯ ಗೊತ್ತಿದ್ದೇ ಬಂದೆ, ನೀನೇ ಎಚ್ಚರ ತಪ್ಪಿದೆ, ತಪ್ಪು ನಿನ್ನ ಜೊತೆಗಾರನದು, ನನ್ನದಲ್ಲ.

ಇದಕ್ಕೆ ನಮ್ಮಲ್ಲಿ ಸಿಕ್ಕ ಮೊದಲ ಉತ್ತರಗಳಲ್ಲಿ ಒಂದು ಮುಂಬಯಿಯದು. 1884ರಲ್ಲಿ ಜೋತಿರಾವ್ ಫುಲೆಯವರ ಸಂಗಡಿಗ ನಾರಾಯಣ ಮೇಘಾಜಿ ಲೋಖಂಡೆ ಗಿರಣಿ ಕಾರ್ಮಿಕರನ್ನು ಸೇರಿಸಿ, ಸುಮಾರು 5,500 ಜನರ ಸಹಿಯ ಮನವಿ ಸಿದ್ಧಪಡಿಸಿದರು. ಅದರಲ್ಲಿ ಭಾನುವಾರದ ರಜೆ ಕೇಳಿದ್ದು ಎಲ್ಲರಿಗೂ ನೆನಪಿದೆ. 1890ರಲ್ಲಿ ಆ ರಜೆ ಸಿಕ್ಕಿತು. ಹೆಚ್ಚು ಜನ ಗಮನಿಸದ ಬೇಡಿಕೆ ಇನ್ನೊಂದು: ಕೆಲಸದಲ್ಲಿ ಪೆಟ್ಟಾದವನಿಗೆ ವಾಸಿಯಾಗುವವರೆಗೆ ಸಂಬಳ ಕೊಡಬೇಕು, ಅಂಗವಿಕಲನಾದರೆ ಜೀವನಕ್ಕೊಂದು ಏರ್ಪಾಡು ಮಾಡಬೇಕು. ತಪ್ಪು ಯಾರದು ಎಂಬ ಮಾತೇ ಅಲ್ಲಿಲ್ಲ.

1923ರ ಕಾರ್ಮಿಕ ಪರಿಹಾರ ಕಾಯ್ದೆ ಬಂದಾಗ ಕಾನೂನೂ ಈ ದಾರಿಗೆ ತಿರುಗಿತು. ಅದು ಮುಖ್ಯವಾಗಿ ಕೇಳುತ್ತಿದ್ದುದು ಇಷ್ಟು: ಅಪಘಾತ ಕೆಲಸದ ಅವಧಿಯಲ್ಲಿ, ಕೆಲಸದ ಕಾರಣದಿಂದ ಆಯಿತೇ? ತಿದ್ದುಪಡಿಗಳ ನಂತರ, ಸತ್ತವನು ಸುರಕ್ಷತಾ ನಿಯಮ ಮೀರಿದ್ದ ಎಂಬ ನೆಪದಿಂದಲೂ ಮಾಲೀಕ ತಪ್ಪಿಸಿಕೊಳ್ಳುವಂತಿರಲಿಲ್ಲ.

ಹಾಗಾದರೆ ಕೆಲಸ ಮುಗಿಸಿ ಊರಿಗೆ ಹೋಗುವ ದಾರಿ? ಅದಕ್ಕೂ ಕಾನೂನಿತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ಪ್ರಕಾರ, ಗುತ್ತಿಗೆದಾರನ ಮೂಲಕ ಬೇರೆ ರಾಜ್ಯಕ್ಕೆ ಬಂದವನಿಗೆ ಹೋಗಿಬರುವ ಎರಡೂ ದಾರಿಯ ಖರ್ಚು ಸಿಗಬೇಕಿತ್ತು. ಪ್ರಯಾಣದ ದಿನಗಳಿಗೂ, ಕೆಲಸದಲ್ಲಿದ್ದಾನೆಂದೇ ಎಣಿಸಿ, ಕೂಲಿ ಕೊಡಬೇಕಿತ್ತು. ಗುತ್ತಿಗೆದಾರ ಕೈಕೊಟ್ಟರೆ ಆ ಹೊಣೆ ಮೂಲ ಮಾಲೀಕನದಾಗಿತ್ತು. ಅಂದರೆ ಊರ ದಾರಿಯೂ ಕೆಲಸದ ಭಾಗವೆಂದು ನಮ್ಮ ಸಂಸತ್ತೇ ಒಪ್ಪಿತ್ತು.

ಕಾಗದದ ಮೇಲಿನ ಹಕ್ಕನ್ನು ಕೇಳಿ ಪಡೆಯಲು ಬೆನ್ನಿಗೆ ಜನ ಬೇಕು. ನಮ್ಮ ದೊಡ್ಡ ಸಂಘಗಳು ಬೆಳೆದದ್ದು ಕಾಯಂ ನೌಕರರ ನಡುವೆ. ಗುತ್ತಿಗೆಯವನಿಗೆ ಮಾಲೀಕ ಯಾರೆಂಬುದೇ ಅನೇಕ ಸಲ ಸ್ಪಷ್ಟವಿರುವುದಿಲ್ಲ. ಅವನನ್ನು ಹೊರಗಿಟ್ಟದ್ದರಲ್ಲಿ ಸಂಘಗಳ ಪಾಲೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ.

ರೈಲು ಬಿಡುವುದು ಅಸಾಧ್ಯವಾಗಿತ್ತೇ? ಅದೇ ಹಳಿ ಪಶ್ಚಿಮಕ್ಕೆ ಹೋಗಿ ನಾಸಿಕ ಜಿಲ್ಲೆಯ ಮನ್ಮಾಡ್ ಸೇರುತ್ತದೆ. ಅಲ್ಲಿಂದ ಮುಂದಿನ ನಾಸಿಕ ರೋಡ್ ನಿಲ್ದಾಣದಿಂದ, ಕಾರ್ಮಿಕರ ದಿನವಾದ ಮೇ 1ರಂದೇ, ಮಧ್ಯಪ್ರದೇಶದ ಕಾರ್ಮಿಕರನ್ನು ಹೊತ್ತ ಶ್ರಮಿಕ್ ವಿಶೇಷ ರೈಲು ಭೋಪಾಲಕ್ಕೆ ಹೊರಟಿತ್ತು. ಮರುದಿನ ಲಖನೌಗೆ ಇನ್ನೊಂದು.

ಇದು ದೂರದ ಮರಾಠವಾಡದ ಕಥೆ ಎಂದು ನಾವು ಸುಮ್ಮನಿರುವಂತಿಲ್ಲ. ಅದೇ ಮೇ 5ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳು ಕಟ್ಟಡ ನಿರ್ಮಾಣದ ಉದ್ಯಮಿಗಳನ್ನು ಭೇಟಿಯಾದರು. ಕಾರ್ಮಿಕರ ರೈಲುಗಳು 6ರಿಂದ ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ಟೀಕೆ ಜೋರಾಗಿ 7ರಂದು ನಿರ್ಧಾರ ಬದಲಾಯಿತು. ರೈಲು ಮತ್ತೆ ಬಿಡಲು ಗೊತ್ತಾದ ದಿನ ಮೇ 8.

ಕರ್ಮಾಡಿನಲ್ಲಿ ಸತ್ತವರ ಕುಟುಂಬಗಳಿಗೆ ಮಹಾರಾಷ್ಟ್ರ, ಮಧ್ಯಪ್ರದೇಶ ಎರಡೂ ಸರ್ಕಾರಗಳು ತಲಾ 5 ಲಕ್ಷ ರೂಪಾಯಿ ಘೋಷಿಸಿದವು. ಅದು ದಯೆಯ ಹಣ. ಲೋಖಂಡೆ ಕೇಳಿದ್ದು ದಯೆಯನ್ನಲ್ಲ. ಮೇ 28ರಂದು ಸುಪ್ರೀಂ ಕೋರ್ಟೇ, ಊರಿಗೆ ಹೊರಟ ಕಾರ್ಮಿಕರಿಂದ ರೈಲಿನ ದರ ವಸೂಲಿ ಮಾಡಬಾರದೆಂದು ಆದೇಶಿಸಿತು. ಆದರೆ 2020ರ ಸೆಪ್ಟೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಸಂಹಿತೆಯಲ್ಲಿ, ಹಳೆಯ ಕಾಯ್ದೆ ಐದು ವಲಸೆ ಕಾರ್ಮಿಕರಿದ್ದರೂ ಅನ್ವಯಿಸುತ್ತಿದ್ದ ಕಡೆ, ಮಿತಿ ಹತ್ತಕ್ಕೇರಿತು.

ವೈಯಕ್ತಿಕ ಜವಾಬ್ದಾರಿ ಎಂಬುದು ಇಲ್ಲವೆಂದು ನಾನು ಹೇಳುತ್ತಿಲ್ಲ. ಆ ರಾತ್ರಿ ಅದನ್ನು ಹೊತ್ತು ನಡೆದವರು ಆ ಇಪ್ಪತ್ತು ಜನರೇ. ಅರ್ಜಿ ಹಾಕಿದ್ದರು, ಕಾದಿದ್ದರು, ದಾರಿಗೆ ರೊಟ್ಟಿ ಕಟ್ಟಿಕೊಂಡಿದ್ದರು, ಯಾರ ಕೈಯನ್ನೂ ಕಾಯದೆ ಹೊರಟಿದ್ದರು. ಒಬ್ಬ ಮನುಷ್ಯ ತನ್ನಷ್ಟಕ್ಕೆ ಮಾಡಬಹುದಾದದ್ದನ್ನೆಲ್ಲ ಮಾಡಿದ್ದರು. ಮಿಕ್ಕದ್ದು ಕಾರ್ಖಾನೆ, ಗುತ್ತಿಗೆದಾರ, ಸಂಘ, ಸರ್ಕಾರ ಮಾಡಬೇಕಾದ ಕೆಲಸ. ಯಾಕೆ ಮಲಗಿದರು ಎಂದು ಕೇಳುವವರು, ಯಾಕೆ ನಡೆಯಬೇಕಾಯಿತು ಎಂದು ಆ ನಾಲ್ವರನ್ನೂ ಕೇಳಲಿ.