ಬುರುಡೆಯ ಮೇಲೆ ಗುಣ ಹುಡುಕಿದ ಶಾಸ್ತ್ರ: ಫ್ರೆನಾಲಜಿಯ ಇತಿಹಾಸದಿಂದ ಕೆಲವು ಪುಟಗಳು

ತಲೆಬುರುಡೆಯ ಉಬ್ಬುತಗ್ಗುಗಳನ್ನು ಸವರಿ ಮನುಷ್ಯನ ಸ್ವಭಾವ ಹೇಳುತ್ತೇನೆ ಎಂದು ಹೊರಟ ಫ್ರೆನಾಲಜಿ, ಜಾತ್ರೆ ಬೀದಿಯಲ್ಲಿ ಹುಟ್ಟಿದ್ದಲ್ಲ. ಶವಛೇದನದಲ್ಲಿ ನುರಿತ ವೈದ್ಯನೊಬ್ಬನ ಕೊಠಡಿಯಲ್ಲಿ ಹುಟ್ಟಿ, ವಕೀಲರು, ಪ್ರಾಧ್ಯಾಪಕರು, ಸರ್ಜನ್ನರ ನಡುವೆ ಬೆಳೆಯಿತು. ಅದು ಹುಸಿವಿಜ್ಞಾನವಾದದ್ದು ಅದರ ಮೂಲ ಕಲ್ಪನೆಯಿಂದ ಅಲ್ಲ, ಸಾಕ್ಷ್ಯವನ್ನು ನಡೆಸಿಕೊಂಡ ರೀತಿಯಿಂದ ಎಂಬುದು ಈ ಲೇಖನದ ವಾದ.

ಫ್ರಾನ್ಸ್ ಯೋಸೆಫ್ ಗಾಲ್ (1758–1828) ಜರ್ಮನ್ ನಾಡಿನ ಟೀಫೆನ್‌ಬ್ರಾನ್‌ನವನು. ವೈದ್ಯನಾಗಿ ಹೆಸರು ಮಾಡಿದ್ದು ವಿಯೆನ್ನಾದಲ್ಲಿ. ಬಾಯಿಪಾಠದಲ್ಲಿ ತನ್ನನ್ನು ಮೀರಿಸುತ್ತಿದ್ದ ಸಹಪಾಠಿಗಳಿಗೆಲ್ಲ ಕಣ್ಣು ಉಬ್ಬಿಕೊಂಡಿದ್ದವು ಎಂಬ ಬಾಲ್ಯದ ನೆನಪೇ ಅವನಿಗೆ ದಾರಿ ತೋರಿತು. ಅವನ ವಾದ ಇಷ್ಟು: ಮನಸ್ಸಿನ ನೆಲೆ ಮಿದುಳು; ಮಿದುಳು ಒಂದೇ ಅಂಗವಲ್ಲ, ಹಲವು ಅಂಗಗಳ ಕೂಟ; ಬಲವಾದ ಗುಣಕ್ಕೆ ದೊಡ್ಡ ಅಂಗ; ಆ ಅಂಗ ದೊಡ್ಡದಾದಷ್ಟೂ ಅದರ ಮೇಲಿನ ಬುರುಡೆ ಉಬ್ಬುತ್ತದೆ. ಅವನ ಪಟ್ಟಿಯಲ್ಲಿ ಇಂಥ 27 ಶಕ್ತಿಗಳು, ಅವುಗಳಲ್ಲಿ 19 ಪ್ರಾಣಿಗಳಿಗೂ ಸಮಾನ. ಮನಸ್ಸನ್ನು ಮಿದುಳಿಗೆ ಕಟ್ಟಿಹಾಕಿದ ಈ ಮಾತಿನಲ್ಲಿ ಧರ್ಮಕ್ಕೆ ಅಪಾಯ ಕಂಡ ಆಸ್ಟ್ರಿಯದ ದೊರೆ ಎರಡನೆಯ ಫ್ರಾನ್ಸಿಸ್, 1801ರ ಕೊನೆಯಲ್ಲಿ ಗಾಲ್‌ನ ಉಪನ್ಯಾಸಗಳನ್ನು ನಿಷೇಧಿಸಿದ. 1805ರಲ್ಲಿ ಗಾಲ್ ವಿಯೆನ್ನಾ ಬಿಟ್ಟ; 1807ರಿಂದ ಪ್ಯಾರಿಸ್ಸೇ ಅವನ ಊರಾಯಿತು.

ಅವನ ಸಾಕ್ಷ್ಯಗಳನ್ನು ಹತ್ತಿರದಿಂದ ನೋಡಬೇಕು. ಕೊಲೆಯ ಪ್ರವೃತ್ತಿಯ ಅಂಗ ಕಿವಿಯ ಮೇಲ್ಭಾಗದಲ್ಲಿದೆ ಎಂದನಲ್ಲ, ಆಧಾರವೇನು? ಮಾಂಸಾಹಾರಿ ಪ್ರಾಣಿಗಳ ತಲೆ ಅಲ್ಲಿ ಅಗಲವಾಗಿರುತ್ತದೆ. ಪ್ರಾಣಿಗಳನ್ನು ಹಿಂಸಿಸಿ ಖುಷಿಪಡುತ್ತಿದ್ದ ವಿದ್ಯಾರ್ಥಿಯೊಬ್ಬನ ತಲೆಯಲ್ಲೂ ಅದು ಉಬ್ಬಿತ್ತು. ಮುಂದೆ ಅವನು ಸರ್ಜನ್ ಆದ. ಔಷಧಿ ಅಂಗಡಿಯ ಕೆಲಸ ಬಿಟ್ಟು ನೇಣುಗಾರನಾದವನ ತಲೆಯಲ್ಲೂ ಹಾಗೇ ಇತ್ತು. ಆ ಉಬ್ಬಿದ್ದೂ ಸಾಧುವಾಗಿದ್ದವರು ಎಷ್ಟು ಮಂದಿ ಎಂದು ಎಣಿಸಿದರೆ ತಾನೇ ಇದು ಪುರಾವೆಯಾಗುವುದು? ಆ ಎಣಿಕೆ ನಡೆಯಲಿಲ್ಲ. ಮುನ್ನೂರಕ್ಕೂ ಹೆಚ್ಚು ಬುರುಡೆ ಕೂಡಿಹಾಕಿದ್ದವನಿಗೆ ಸಾಮಗ್ರಿಯ ಕೊರತೆ ಇರಲಿಲ್ಲ.

ಗಾಲ್‌ನ ಸಹಾಯಕ ಸ್ಪುರ್ಟ್ಸ್‌ಹೈಮ್ (1776–1832) ಗುರುವಿನಿಂದ ಬೇರೆಯಾಗಿ, ಪಟ್ಟಿಯನ್ನು ಬೆಳೆಸಿ, ಶಾಸ್ತ್ರವನ್ನು ಬ್ರಿಟನ್ನಿಗೂ ಅಮೆರಿಕಕ್ಕೂ ಹೊತ್ತೊಯ್ದ. ಎಡಿನ್‌ಬರೊದ ವಕೀಲ ಜಾರ್ಜ್ ಕೂಮ್ 1820ರಲ್ಲಿ ಅಲ್ಲಿ ಫ್ರೆನಾಲಜಿಕಲ್ ಸೊಸೈಟಿ ಕಟ್ಟಿದ. 1828ರಲ್ಲಿ ಬಂದ ಅವನ ಪುಸ್ತಕ ಆ ಶತಮಾನದ ಬಹುದೊಡ್ಡ ಮಾರಾಟದ ಕೃತಿಗಳಲ್ಲೊಂದು. ಹುಟ್ಟಿನಿಂದಲ್ಲ, ಯೋಗ್ಯತೆಯಿಂದ ಮನುಷ್ಯನನ್ನು ಅಳೆಯುತ್ತೇವೆ ಎಂಬ ಭರವಸೆ ಮಧ್ಯಮವರ್ಗದ ಓದುಗರಿಗೆ ಹಿಡಿಸಿದ್ದು ಸಹಜ.

ವಿರೋಧ ತಡವಾಗಿ ಬಂದದ್ದೂ ಅಲ್ಲ. ಎಡಿನ್‌ಬರೊದ ತತ್ತ್ವಜ್ಞ ವಿಲಿಯಂ ಹ್ಯಾಮಿಲ್ಟನ್ 1820ರ ದಶಕದಲ್ಲೇ ಹುಬ್ಬಿನ ಹಿಂದಿರುವ ಗಾಳಿಗೂಡನ್ನು ತೋರಿಸಿದ. ಅಲ್ಲಿ ಬುರುಡೆಯ ಹೊರಪದರಕ್ಕೂ ಒಳಪದರಕ್ಕೂ ನಡುವೆ ಟೊಳ್ಳು ಇದೆ, ಅದರ ಗಾತ್ರ ಒಬ್ಬೊಬ್ಬರಲ್ಲಿ ಒಂದೊಂದು ಥರ. ಹಾಗಾಗಿ ಹೊರಗಿನ ಉಬ್ಬು ಒಳಗಿನ ಮಿದುಳಿನ ಆಕಾರ ಹೇಳಲಾರದು. ಫ್ರೆನಾಲಜಿಸ್ಟರು ಹಲವು ಅಂಗಗಳನ್ನು ಒತ್ತೊತ್ತಾಗಿ ಕೂರಿಸಿದ್ದು ಅದೇ ಜಾಗದಲ್ಲಿ. ಫ್ರಾನ್ಸಿನ ಫ್ಲೂರೆನ್ಸ್ ಪಾರಿವಾಳ ಮೊದಲಾದ ಪ್ರಾಣಿಗಳ ಮಿದುಳಿನ ಭಾಗಗಳನ್ನು ತೆಗೆದು ಪ್ರಯೋಗ ಮಾಡಿದ. 1842ರ ತನ್ನ ಪುಸ್ತಕದಲ್ಲಿ ಗಾಲ್‌ನ ಪಂಥವನ್ನು ನೇರವಾಗಿ ಖಂಡಿಸಿದ.

ಶಾಸ್ತ್ರದ ಒಳಗುಟ್ಟು ಬಯಲಾಗುವುದು ಭಾರತಕ್ಕೆ ಸೇರಿದ ಒಂದು ಪ್ರಕರಣದಲ್ಲಿ. ಮಧ್ಯಭಾರತದ ಸಾಗರ್‌ನಲ್ಲಿ (ನಮ್ಮ ಶಿವಮೊಗ್ಗದ ಸಾಗರವಲ್ಲ) ಕಂಪನಿ ಸರ್ಕಾರ ನೇಣಿಗೇರಿಸಿದ ಏಳು ಮಂದಿ ಠಗ್ಗರ ಬುರುಡೆಗಳನ್ನು ಸರ್ಜನ್ ಹೆನ್ರಿ ಸ್ಪ್ರೈ ಸಂಗ್ರಹಿಸಿದ. 1833ರಲ್ಲಿ ಅವು ಎಡಿನ್‌ಬರೊದ ಸೊಸೈಟಿಯನ್ನು ಸೇರಿದವು. ಪರೀಕ್ಷೆ ಮಾಡಿದವನು ಕೂಮ್‌ನ ಸೋದರಳಿಯ ರಾಬರ್ಟ್ ಕಾಕ್ಸ್. ದಾರಿಹೋಕರ ಕೊರಳಿಗೆ ಬಟ್ಟೆ ಬಿಗಿದು ಕೊಂದವರು ಎಂದು ತೀರ್ಪಾದವರ ತಲೆಯಲ್ಲಿ ಕಿವಿಯ ಮೇಲಿನ ಆ ಅಂಗ ಎದ್ದು ಕಾಣಬೇಕಿತ್ತು. ಕಾಣಲಿಲ್ಲ. ಸಿದ್ಧಾಂತ ಬೀಳಬೇಕಿದ್ದ ಜಾಗ ಇದು. ಕಾಕ್ಸ್‌ಗೆ ಹಾಗನ್ನಿಸಲಿಲ್ಲ. ಠಗ್ಗರು ಕೊಂದದ್ದು ಕೊಲೆಯ ಸುಖಕ್ಕಲ್ಲ, ಹಣಕ್ಕಾಗಿ. ತಡೆಯಬೇಕಿದ್ದ ಕರುಣೆಯ ಅಂಗ ಚಿಕ್ಕದು. ಜೊತೆಗೆ ಬೆಳೆದ ವಾತಾವರಣ, ಸಂಪ್ರದಾಯ ಎಂದು ವಿವರಣೆ ಹೊಂದಿಸಿದ. ಉಬ್ಬಿದ್ದರೂ ಸರಿ, ಇಲ್ಲದಿದ್ದರೂ ಸರಿ, ಶಾಸ್ತ್ರ ಗೆದ್ದೇ ಗೆಲ್ಲುತ್ತಿತ್ತು. ತೀರ್ಪು ಮೊದಲೇ ಗೊತ್ತಿತ್ತು, ಬುರುಡೆ ಅದಕ್ಕೆ ರುಜು ಹಾಕಬೇಕಿತ್ತು, ಅಷ್ಟೆ. ಆ ಏಳು ಜನರಿಗೆ ಅಂತ್ಯಸಂಸ್ಕಾರದ ಹಕ್ಕೂ ದಕ್ಕಲಿಲ್ಲ ಎಂಬುದನ್ನು ಮರೆತು ಈ ವಾದವಿವಾದ ಓದುವುದು ನನ್ನಿಂದಾಗದು.

ಗಾಲ್ ಹೇಳಿದ್ದರಲ್ಲಿ ಒಂದು ಎಳೆ ಉಳಿಯಿತು. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ, ‘ಟ್ಯಾನ್’ ಎಂಬ ಒಂದೇ ಸದ್ದನ್ನು ಬಿಟ್ಟು ಹೆಚ್ಚೇನೂ ಮಾತಾಡಲಾಗದಿದ್ದ ರೋಗಿ ಸತ್ತ ಮೇಲೆ ಅವನ ಮಿದುಳನ್ನೇ ನೋಡಿ, ಎಡ ಮುಂಭಾಗದ ಗಾಯಕ್ಕೂ ಮಾತಿಗೂ ಇರುವ ನಂಟನ್ನು ತೋರಿಸಿದ. ಮಿದುಳಿನ ಭಾಗಗಳಿಗೆ ಬೇರೆ ಬೇರೆ ಕೆಲಸವಿದೆ ಎಂಬುದು ನಿಂತಿತು, ಬುರುಡೆಯ ಉಬ್ಬು ಬಿತ್ತು. 2018ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಸುಮಾರು 6000 ಜನರ ಎಂಆರ್‌ಐ ಚಿತ್ರಗಳಿಂದ ತಲೆಯ ಮೇಲ್ಮೈ ಅಳೆದು, ಫ್ರೆನಾಲಜಿಯ ಹೇಳಿಕೆಗಳನ್ನು ಪ್ರಾಮಾಣಿಕವಾಗಿ ಪರೀಕ್ಷಿಸಿದರು. ಒಂದಕ್ಕೂ ಆಧಾರ ಸಿಗಲಿಲ್ಲ.

ಆದರೆ ಅಳೆಯುವ ಚಟ ಸಿದ್ಧಾಂತದ ಜೊತೆ ಸಾಯಲಿಲ್ಲ. ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಮಾರ್ಟನ್ ಬುರುಡೆಗಳಿಗೆ ಕಾಳು ತುಂಬಿ ಗಾತ್ರ ಅಳೆದು ಜನಾಂಗಗಳಿಗೆ ಮೇಲುಕೀಳಿನ ಶ್ರೇಣಿ ಕಟ್ಟಿದ. 1839ರ ಅವನ ಗ್ರಂಥದಲ್ಲಿ ಕೂಮ್‌ನ ಪ್ರಬಂಧವೂ ಸೇರಿದೆ. ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಫ್ರೆನಾಲಜಿಸ್ಟ್ ಅಲ್ಲ, ಉಬ್ಬಿನಲ್ಲಿ ಗುಣ ಓದಿದವನೂ ಅಲ್ಲ. ಆದರೂ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗೆಗೆ 1909ರಲ್ಲಿ ಅವನು ಹೊರತಂದ ಏಳು ಸಂಪುಟಗಳನ್ನು ತೆರೆದರೆ, ನಮ್ಮ ಕರಾವಳಿಯ ಬಿಲ್ಲವರ, ಬಂಟರ ತಲೆಯ ಅಗಲ-ಉದ್ದದ ಸರಾಸರಿ ಸೂಚ್ಯಂಕವೂ ಅಲ್ಲಿದೆ. ಕ್ಯಾಲಿಪರ್ ಹಿಡಿದವನ ಮುಂದೆ ನಿಂತವರಿಗೆ ತಮ್ಮ ಬಗ್ಗೆ ಹೇಳಲು ಏನಿತ್ತು ಎಂಬುದಕ್ಕೆ ಆ ಕೋಷ್ಟಕಗಳಲ್ಲಿ ಕಾಲಂ ಇಲ್ಲ.