ಕಸೂತಿ ಉಡುಪು ತಯಾರಕರಿಗೆ ಅಧಿಕೃತ ಬಳಕೆದಾರರ ನೋಂದಣಿ

ಉತ್ತರ ಕರ್ನಾಟಕದ ಕಸೂತಿಯು ಬಟ್ಟೆಯ ಎಳೆಗಳನ್ನು ಎಣಿಸಿ, ಗಂಟು ಕಾಣದಂತೆ ಕೈಯಿಂದ ಹಾಕುವ ಹೊಲಿಗೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ 4 ವಿಧಗಳಿವೆ. ಸರಕುಗಳ ಭೌಗೋಳಿಕ ಸೂಚಕಗಳ (ನೋಂದಣಿ ಮತ್ತು ಸಂರಕ್ಷಣೆ) ಅಧಿನಿಯಮ, 1999ರಡಿ ಈ ಹೆಸರು ನೋಂದಣಿಯಾಗಿದೆ.

ಸ್ವಂತ ಬ್ರ್ಯಾಂಡ್ ಹೆಸರಿನಲ್ಲಿ ಕೈಕಸೂತಿಯ ಉಡುಪು ತಯಾರಿಸುವ ಕಿರು ಉದ್ದಿಮೆದಾರರು, ಯಂತ್ರದ ಅನುಕರಣೆಯಿಂದ ತಮ್ಮ ಕೆಲಸಕ್ಕೆ ರಕ್ಷಣೆ ಪಡೆಯಲು, ಕಲಂ 17ರ ಮೇರೆಗೆ ಚೆನ್ನೈನಲ್ಲಿರುವ ಭೌಗೋಳಿಕ ಸೂಚಕಗಳ ನೋಂದಣಿ ಕಚೇರಿಗೆ ಅಧಿಕೃತ ಬಳಕೆದಾರರೆಂದು ಅರ್ಜಿ ಸಲ್ಲಿಸಬಹುದು. ನೋಂದಣಿಯ ಗರಿಷ್ಠ ಅವಧಿ 10 ವರ್ಷ, ತದನಂತರ ನವೀಕರಿಸಿಕೊಳ್ಳತಕ್ಕದ್ದು. ಈ ಹಕ್ಕನ್ನು ಮಾರಲು ಅಥವಾ ಅಡವಿಡಲು ಅವಕಾಶವಿಲ್ಲ. ಬಳಕೆದಾರರು ಮೃತಪಟ್ಟಲ್ಲಿ ವಾರಸುದಾರರಿಗೆ ಸಲ್ಲುತ್ತದೆ.

ವಿ.ಸೂ.: ಉದ್ದಿಮೆಯ ಸ್ವಂತ ಬ್ರ್ಯಾಂಡ್ ಹೆಸರಿನ ರಕ್ಷಣೆಗೆ ಪ್ರತ್ಯೇಕ ಟ್ರೇಡ್‌ಮಾರ್ಕ್ ನೋಂದಣಿ ಪಡೆಯತಕ್ಕದ್ದು.